ತಂದೆಯ ಉದ್ಯೋಗ

ಜೂನ್ 10

ಅಪ್ಪಾ,

ಮೊದಲು ನಿನ್ನ ಬೆನ್ನಿನ ವಿಚಾರ ಹೇಳು, ಉಳಿದದ್ದೆಲ್ಲ ಆಮೇಲೆ. ಎರಡನೇ ವರ್ಷದ ಮೊದಲ ಪಾಠವೇ ಬೆನ್ನುಮೂಳೆಯದು. ಕುಕ್ಕರಗಾಲಿನಲ್ಲಿ ಕೂತು ಮೂವತ್ತು ವರ್ಷ ಕೆಲಸ ಮಾಡಿದವರ ಬೆನ್ನು ಹೇಗಾಗುತ್ತದೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದರು. ನನಗೆ ನಿನ್ನ ಬೆನ್ನೇ ಕಂಡಿತು. ಊರಿಗೆಲ್ಲ ಸೋಫಾ, ಕುರ್ಚಿ ರಿಪೇರಿ ಮಾಡಿಕೊಡುವ ಮನುಷ್ಯ, ತಾನು ಮಾತ್ರ ನೆಲದ ಮೇಲೆ! ನಾನು ಫಿಸಿಯೋಥೆರಪಿ ಮುಗಿಸಿದ ದಿನ ಮೊದಲ ರೋಗಿ ನೀನೇ. ತಪ್ಪಿಸಿಕೊಳ್ಳುವ ಹಾಗಿಲ್ಲ.

ಫೋನ್ ಮಾಡಿದರೆ ನೀನು ಎಲ್ಲದಕ್ಕೂ ‘ಹಾಂ, ಹಾಂ’ ಎನ್ನುತ್ತೀಯ. ಸುತ್ತಿಗೆ ಸದ್ದಿಗೆ ಕೆಟ್ಟ ಕಿವಿಗೆ ಅರ್ಧವೂ ಕೇಳಿರುವುದಿಲ್ಲ ಎಂದು ಅತ್ತೆ ಆಮೇಲೆ ಹೇಳುತ್ತಾರೆ. ಅದಕ್ಕೇ ಈ ಕಾಗದ. ಇದನ್ನು ನಿಧಾನವಾಗಿ ಓದು.

ಕಾಲೇಜಿನವರು ಸ್ಕಾಲರ್‌ಶಿಪ್ಪಿನ ನಿಯಮ ಬದಲಾಯಿಸಿದ್ದಾರೆ. ಕಳೆದ ವರ್ಷ ಅಂಕಪಟ್ಟಿ ನೋಡಿ ಕೊಟ್ಟರು. ಈ ವರ್ಷದಿಂದ ಮನೆ ನೋಡಿ ಕೊಡುತ್ತಾರಂತೆ. ನೆರವಿನ ಕಚೇರಿಯ ಮೇಡಂ ಒಬ್ಬರು ಈ ತಿಂಗಳಲ್ಲೇ ನಮ್ಮ ಮನೆಗೆ ಬರುತ್ತಾರೆ. ಬರುವ ದಿನವನ್ನು ಮೊದಲೇ ತಿಳಿಸುತ್ತಾರೆ. ಆದಾಯಪತ್ರ, ಬಾಡಿಗೆ ಚೀಟಿ, ಕರೆಂಟಿನ ಬಿಲ್ಲು, ಮೂರನ್ನೂ ಒಂದು ಕವರಿನಲ್ಲಿ ಹಾಕಿಡು. ಅವರು ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳು.

ಇದು ಕೈತಪ್ಪಿದರೆ ನಾನು ಇಲ್ಲಿ ಇರುವುದಕ್ಕೆ ಆಗುವುದಿಲ್ಲ ಅಪ್ಪಾ. ಖಾಸಗಿ ಕಾಲೇಜು, ಪೂರ್ತಿ ಫೀಸು ನಮ್ಮ ಕೈಲಿ ಆಗುವ ಮಾತಲ್ಲ. ಹೆದರಿಸುತ್ತಿಲ್ಲ, ನಿನಗೆ ಗೊತ್ತಿರಲಿ ಎಂದು ಬರೆದೆ.

ನಿನ್ನ ಬೆನ್ನಿನ ಮೇಲೆ ಕಣ್ಣಿಟ್ಟಿರುವ,
ಮಗಳು


ಜೂನ್ 29

ಮೊಳೆಮರೀ,

ಎರಡು ವರ್ಷದ ಮಗುವಾಗಿದ್ದಾಗ ನನ್ನನ್ನು ನೋಡಿ ನೀನೂ ಬಾಯಲ್ಲಿ ಮೊಳೆ ಇಟ್ಟುಕೊಂಡು ಮನೆಯವರ ಜೀವ ಬಾಯಿಗೆ ತಂದಿದ್ದೆ. ಆ ಹೆಸರು ಇನ್ನೂ ನನ್ನ ಬಾಯಿಂದ ಹೋಗಿಲ್ಲ, ಕಾಲೇಜು ಸೇರಿದರೂ. ದಿನವಿಡೀ ಬಾಯಿ ತುಂಬ ಮೊಳೆ ಇಟ್ಟುಕೊಳ್ಳುವವನಿಗೆ ಮಾತು ಎಲ್ಲಿಂದ ಬರಬೇಕು ಹೇಳು. ಕಾಗದದಲ್ಲಾದರೆ ಆ ತೊಂದರೆ ಇಲ್ಲ.

ನಿನ್ನ ಮೇಡಂ ಗುರುವಾರ ಬಂದು ಹೋದರು. ಎಲ್ಲ ಚೆನ್ನಾಗಿ ನಡೆಯಿತು. ನೀನು ನಿಶ್ಚಿಂತೆಯಾಗಿರು.

ಕನ್ನಡಕ ಹಾಕಿಕೊಂಡ ಸಣ್ಣ ವಯಸ್ಸಿನ ಹೆಣ್ಣುಮಗಳು. ನಮ್ಮ ಗಲ್ಲಿಯ ಕೊನೆಯವರೆಗೂ ನಡೆದು ಬಂದು ಸುಸ್ತಾಗಿದ್ದರು. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುವ ಮನೆಯಲ್ಲ ನಮ್ಮದು. ಒಳಗೆ ಕರೆದು, ಮರ್ಯಾದಸ್ಥರನ್ನು ಹೇಗೆ ಕೂರಿಸಬೇಕೋ ಹಾಗೇ ಕೂರಿಸಿದೆ. ನಿಮ್ಮತ್ತೆ ಒಳ್ಳೆ ಕಪ್ಪಿನಲ್ಲಿ ಟೀ ಕೊಟ್ಟಳು. ನೀನು ಹೇಳಿದ ಮೂರು ಚೀಟಿಯನ್ನೂ ತೋರಿಸಿದೆ. ‘ಜೀವನ ಹೇಗೆ ನಡೀತಿದೆ ನಿಮ್ದು?’ ಅಂದರು. ‘ದೇವರು ನಡೆಸ್ತಿದಾನೆ ಮೇಡಂ, ಏನೂ ಕೊರತೆ ಇಲ್ಲ’ ಅಂದೆ. ಅದನ್ನೂ ಬರೆದುಕೊಂಡರು.

ಹೋಗುವಾಗ ಕೈ ಮುಗಿದು, ‘ನಿಮ್ಮ ಮಗಳು ತುಂಬಾ ಚೆನ್ನಾಗಿ ಓದ್ತಾಳೆ’ ಅಂದರು. ನನ್ನ ಕೆಟ್ಟ ಕಿವಿಗೂ ಅದು ಕೇಳಿಸಿತು ನೋಡು. ನಿನ್ನ ಕಾಲೇಜಿನವರ ಮುಂದೆ ನಿನ್ನ ತಲೆ ತಗ್ಗುವ ಹಾಗೆ ನಾವು ಮಾಡಲಿಲ್ಲ. ಅಷ್ಟು ಸಾಕು ನನಗೆ.

ಬೆನ್ನು ಇದ್ದಲ್ಲೇ ಇದೆ.

ಸುತ್ತಿಗೆ ಕೆಳಗಿಟ್ಟು ಬರೆದ,
ಅಪ್ಪ


ಆಗಸ್ಟ್ 3

ಅಪ್ಪಾ,

ಪಟ್ಟಿ ಹಾಕಿದ್ದಾರೆ. ನನ್ನ ಹೆಸರಿಲ್ಲ.

ನಾಲ್ಕು ಸಲ ಓದಿದೆ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ನನ್ನ ಹಿಂದೆ ನಿಂತಿದ್ದ ಹುಡುಗಿ ‘ನಿಂದು ಸಿಕ್ತಾ?’ ಎಂದು ಕೇಳಿದಾಗ ತಲೆ ಆಡಿಸಿ ಬಂದುಬಿಟ್ಟೆ. ಹೌದು ಎಂದು ಆಡಿಸಿದೆನೋ ಇಲ್ಲ ಎಂದೋ ನನಗೇ ನೆನಪಿಲ್ಲ.

ಕಚೇರಿಗೆ ಹೋಗಿ ಬೇಡಿಕೊಂಡ ಮೇಲೆ ಗುಮಾಸ್ತರು ನನ್ನ ಫೈಲು ತೆಗೆದು ಮೇಡಂ ಬರೆದ ವರದಿ ತೋರಿಸಿದರು. ಅದನ್ನು ಅಲ್ಲೇ ನಿಂತು ನಕಲು ಮಾಡಿಕೊಂಡೆ. ನೀನೇ ಓದು.

‘ಮುಂದಿನ ಕೋಣೆಯಲ್ಲಿ ಮೂರು ಜನ ಕೂರುವ ಹಸಿರು ವೆಲ್ವೆಟ್ ಸೋಫಾ, ಅದಕ್ಕೆ ಹೊಂದುವ ಎರಡು ಒಂಟಿ ಕುರ್ಚಿಗಳು. ಕಿಟಕಿಗೆ ಹೊಸ ಪರದೆ. ಬೆಲೆಬಾಳುವ ಪಿಂಗಾಣಿ ಕಪ್ಪುಗಳು. ಸಲ್ಲಿಸಿರುವ ಆದಾಯಪತ್ರವು ಕಣ್ಣಿಗೆ ಕಂಡ ಸ್ಥಿತಿಗೆ ಹೊಂದುವುದಿಲ್ಲ. ಜೀವನಕ್ಕೆ ಏನೂ ಕೊರತೆಯಿಲ್ಲವೆಂದು ತಂದೆಯವರೇ ತಿಳಿಸಿರುತ್ತಾರೆ. ನೆರವಿನ ಅಗತ್ಯ ಕಂಡುಬರಲಿಲ್ಲ.’

ಅದರ ಕೆಳಗೆ ಇನ್ನೂ ಕೆಲವು ಹಾಳೆ ಇದ್ದವು. ಅವನ್ನು ನಾನು ಓದಲು ಹೋಗಲಿಲ್ಲ.

ನಮ್ಮ ಮನೆಗೆ ಹಸಿರು ಸೋಫಾ ಯಾವಾಗ ಬಂತು ಅಪ್ಪಾ? ಆ ಕೋಣೆಯಲ್ಲಿ ನಾವು ಮೂವರು ಮಲಗಿದರೆ ನಾಲ್ಕನೆಯವರಿಗೆ ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿ ಸೋಫಾ ಹಿಡಿಯುವುದಾದರೂ ಹೇಗೆ?

ಈ ತಿಂಗಳ ಕೊನೆಯೊಳಗೆ ಮೇಲ್ಮನವಿ ಕೊಡಬಹುದಂತೆ. ಸೆಪ್ಟೆಂಬರ್ ಮೂವತ್ತರೊಳಗೆ ಒಂದೋ ನೆರವು ಸಿಗಬೇಕು, ಇಲ್ಲ ಪೂರ್ತಿ ಫೀಸು ಕಟ್ಟಬೇಕು. ಎರಡೂ ಆಗದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ತಡ ಮಾಡದೆ ಬರಿ.

ಏನೂ ತೋಚದೆ ಕೂತಿರುವ,
ಮಗಳು


ಆಗಸ್ಟ್ 9

ಕೂಸೇ,

ನಾನು ನಿಮ್ಮತ್ತೆ. ನನ್ನ ಅಕ್ಷರ ನೋಡಿ ನಗಬೇಡ, ಹೊಲಿಗೆ ನೆಟ್ಟಗೆ ಬರುತ್ತದೆ, ಬರಹ ಬರುವುದಿಲ್ಲ. ನಿನ್ನ ಕಾಗದ ಬಂದಾಗಿನಿಂದ ನಿಮ್ಮಪ್ಪನ ಬಾಯಿಗೆ ಬೀಗ ಬಿದ್ದಿದೆ. ಕೇಳಿದರೆ ಬಾಯಲ್ಲಿ ಮೊಳೆ ಇದೆ ಎಂದು ಕೈಸನ್ನೆ ಮಾಡುತ್ತಾನೆ. ಊಟದ ಹೊತ್ತಿನಲ್ಲೂ ಮೊಳೆಯೇ! ಅವನು ಬರೆಯುವುದಿಲ್ಲ, ನಾನೇ ಬರೆಯುತ್ತೇನೆ.

ಆ ಸೋಫಾ ಹಲ್ಲಿನ ಡಾಕ್ಟರದ್ದು. ಹಳೇದಕ್ಕೆ ಹೊಸ ಸ್ಪ್ರಿಂಗು, ಹೊಸ ವೆಲ್ವೆಟ್ಟು ಹಾಕಿ ಕೊಡಬೇಕಿತ್ತು. ಸೋಮವಾರಕ್ಕೇ ಮುಗಿದಿತ್ತು, ಅವತ್ತೇ ಒಯ್ಯಬೇಕಿತ್ತು. ಅಷ್ಟರಲ್ಲಿ ಗುರುವಾರ ಮೇಡಂ ಬರುತ್ತಾರೆ ಎಂದು ಕಾಲೇಜಿನ ಕಾಗದ ಬಂತು. ನಿಮ್ಮಪ್ಪ ಡಾಕ್ಟರಿಗೆ, ‘ಕಾಲಿನ ಪಾಲಿಶ್ ಇನ್ನೂ ಒಣಗಿಲ್ಲ ಸಾರ್, ಶುಕ್ರವಾರ ಕಳಿಸ್ತೀನಿ’ ಎಂದು ಹೇಳಿ ಬಂದ. ಹುಟ್ಟಿದ ಮೇಲೆ ಗಿರಾಕಿಗೆ ಅವನು ಹೇಳಿದ ಮೊದಲ ಸುಳ್ಳು ಅದು. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಆದರೆ ಡಾಕ್ಟರು ಬಾಯಿ ನೋಡುವವರು, ಮುಖ ನೋಡಲಿಲ್ಲ.

ಬಾಗಿಲ ಮುಂದೆ ಗಲ್ಲಿಯಲ್ಲಿ ರಿಪೇರಿ ಮಾಡಿದ್ದ ಸೋಫಾ ಒಳಗೆ ಹಿಡಿಯಲಿಲ್ಲ. ಬಾಗಿಲನ್ನೇ ಕಳಚಿದೆವು. ಹಾಸಿಗೆ, ಪಾತ್ರೆ, ಮೆಷಿನ್ನು ಎಲ್ಲ ಎದುರುಮನೆ ನರ್ಸಮ್ಮನ ಮನೆಗೆ ಹೋಯಿತು. ಕಪ್ಪುಗಳು ಅಲ್ಲಿಂದ ಇಲ್ಲಿಗೆ ಬಂದವು. ಪರದೆ ನಾನು ಬೇರೆಯವರಿಗೆ ಹೊಲಿದಿಟ್ಟದ್ದು. ಅದರಲ್ಲಿ ನನ್ನ ಪಾಲೂ ಇದೆ ಎನ್ನುವುದಕ್ಕೆ ಬರೆದೆ. ಮೇಡಂ ಎದ್ದು ಹೋದ ಮೇಲೆ ನಿಮ್ಮಪ್ಪ ಬ್ರಷ್ ತೆಗೆದುಕೊಂಡು, ಅವರು ಕೂತ ಕಡೆ ವೆಲ್ವೆಟ್ ಒರಗಿದ ಗುರುತು ಹೋಗುವವರೆಗೂ ಉಜ್ಜಿದ. ಆಮೇಲೆ ಸೋಫಾ ಹೊರಗಿಟ್ಟು ಬಾಗಿಲನ್ನು ಮತ್ತೆ ಜೋಡಿಸಿದೆವು.

ಯಾಕೆ ಮಾಡಿದ ಎಂದು ನೀನು ಕೇಳಬಹುದು. ನೀನು ಏಳನೇ ಕ್ಲಾಸಿನಲ್ಲಿದ್ದಾಗ ನಿಮ್ಮ ಟೀಚರು ಮನೆಗೆ ಬಂದಿದ್ದರು. ಅವತ್ತು ಕೂರಿಸಲು ಏನೂ ಇರಲಿಲ್ಲ, ನಿಂತೇ ಮಾತಾಡಿ ಹೋದರು. ಅವರು ಅತ್ತ ಹೋದದ್ದೇ ನೀನು ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ‘ಊರಿಗೆಲ್ಲ ಕುರ್ಚಿ ಮಾಡ್ತೀಯ, ನಮ್ಮನೇಲಿ ಒಂದು ಕುರ್ಚಿನೂ ಇಲ್ವಾ?’ ಎಂದು ಅವನನ್ನು ಕೇಳಿದೆ. ನೀನು ಮರೆತಿರಬಹುದು. ಅವನು ಮರೆತಿಲ್ಲ.

ಬೈಯುವುದಾದರೆ ನನ್ನನ್ನು ಬೈ. ನಾನು ಹೇಗೂ ಬೈಸಿಕೊಂಡು ಬೆಳೆದವಳು.

ಕನ್ನಡಕ ಹುಡುಕಿಕೊಂಡು ಬರೆದ,
ಅತ್ತೆ


ಆಗಸ್ಟ್ 14

ಅಪ್ಪನವರಿಗೆ,

ಅತ್ತೆಯ ಕಾಗದ ಬಂತು. ಏನು ನಡೆಯಿತೆಂದು ತಿಳಿಯಿತು.

ಇದ್ದದ್ದು ಇದ್ದ ಹಾಗೆ ಹೇಳಿ ಎಂದು ನಾನು ಬರೆದಿದ್ದೆ. ಅದೊಂದು ಮಾತು ನಿಮಗೆ ಅರ್ಥವಾಗಲಿಲ್ಲವೇ? ನಮಗೆ ಬೇಕಾಗಿದ್ದದ್ದು ಆ ಮೇಡಂ ನಮ್ಮನ್ನು ಬಡವರು ಎಂದು ಬರೆದುಕೊಂಡು ಹೋಗುವುದು. ಅಷ್ಟೇ. ಅದಕ್ಕೆ ನೀವು ಏನೂ ಮಾಡಬೇಕಾಗಿರಲಿಲ್ಲ. ಬಾಗಿಲು ತೆರೆದಿದ್ದರೆ ಸಾಕಿತ್ತು. ನೀವು ಬಾಗಿಲನ್ನೇ ಕಿತ್ತು ಇಟ್ಟಿರಿ.

ಒಂದು ಗಂಟೆ ಇದ್ದು ಹೋಗುವವರ ಮುಂದೆ ದೊಡ್ಡವರಾಗಿ ಕಾಣುವುದಕ್ಕೆ ನನ್ನ ಮುಂದಿನ ವರ್ಷಗಳ ಓದನ್ನೆಲ್ಲ ಪಣಕ್ಕಿಟ್ಟಿರಿ. ನಾನು ಇಲ್ಲಿ ಎರಡು ಹೊತ್ತು ಉಂಡು ಮೂರು ಹೊತ್ತು ಉಂಡೆ ಎಂದು ನಿಮಗೆ ಬರೆಯುತ್ತೇನೆ. ಹರಿದ ಚಪ್ಪಲಿಗೆ ನಾನೇ ಹೊಲಿಗೆ ಹಾಕಿಕೊಳ್ಳುತ್ತೇನೆ. ಅದೆಲ್ಲ ಆ ಸೋಫಾದ ಮೇಲೆ ಕೂತು ಎದ್ದುಹೋಯಿತು.

ಮೇಲ್ಮನವಿಗೆ ಎರಡು ಕಾಗದ ಬೇಕು. ಸೋಫಾ ತನ್ನದು ಎಂದು ಡಾಕ್ಟರು ಬರೆದು ಸಹಿ ಮಾಡಿದ್ದು ಒಂದು. ನಡೆದದ್ದನ್ನು ಒಪ್ಪಿಕೊಂಡು ನೀವು ಬರೆದದ್ದು ಒಂದು. ಇಪ್ಪತ್ತೆಂಟರೊಳಗೆ ನನ್ನ ಕೈ ಸೇರಬೇಕು. ಡಾಕ್ಟರಿಗೆ ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟದ್ದು.

ಮಗಳು


ಆಗಸ್ಟ್ 22

ಮೊಳೆಮರೀ,

ಇದರ ಜೊತೆ ಎರಡು ಕಾಗದವನ್ನೂ ಇಟ್ಟಿದ್ದೇನೆ. ಒದ್ದೆಯಾಗದ ಹಾಗೆ ರೆಕ್ಸಿನ್ ತುಂಡಿನಲ್ಲಿ ಸುತ್ತಿದ್ದೇನೆ, ಬಿಚ್ಚುವಾಗ ಹುಷಾರು.

ನೀನು ನನಗೆ ‘ನೀವು’ ಎಂದು ಬರೆದಿದ್ದೀಯ. ಮೊದಲ ಸಲ ಓದಿದಾಗ ಬೇರೆ ಯಾರಿಗೋ ಬರೆದದ್ದು ತಪ್ಪಿ ನನಗೆ ಬಂದಿರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು. ನೀನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನನಗೆ ಬುದ್ಧಿ ಇರಲಿಲ್ಲ.

ಡಾಕ್ಟರ ಹತ್ತಿರ ಹೋಗಿದ್ದೆ. ರೋಗಿಗಳು ಕಾಯುವ ಕೋಣೆಯ ಕುರ್ಚಿಗಳಿಗೆ ಮೂರು ವರ್ಷದ ಹಿಂದೆ ನಾನೇ ರೆಕ್ಸಿನ್ ಹಾಕಿದ್ದು. ಅದರ ಮೇಲೆ ಕೂರಲು ಮನಸ್ಸಾಗದೆ ಗೋಡೆಗೆ ಒರಗಿ ನಿಂತಿದ್ದೆ. ನನ್ನ ಸರದಿ ಬಂದಾಗ ಡಾಕ್ಟರು ತಲೆ ಎತ್ತದೆಯೇ, ‘ಯಾವ ಹಲ್ಲು?’ ಅಂದರು.

‘ಹಲ್ಲಲ್ಲ ಸಾರ್. ಸೋಫಾ.’

‘ಯಾಕೆ, ಸ್ಪ್ರಿಂಗ್ ಏನಾದ್ರೂ ಹೋಯ್ತಾ?’

‘ಇಲ್ಲ ಸಾರ್. ಅವತ್ತು ಪಾಲಿಶ್ ಒಣಗಿಲ್ಲ ಅಂದಿದ್ನಲ್ಲ, ಒಣಗಿತ್ತು.’

ಅಲ್ಲಿಂದ ಮುಂದಕ್ಕೆ ಎಲ್ಲ ಹೇಳಿದೆ. ಬಾಗಿಲು ಕಳಚಿದ್ದು, ಮೇಡಂ ಕೂತದ್ದು, ನಿನ್ನ ಹೆಸರು ಬಿಟ್ಟುಹೋದದ್ದು. ಕುರ್ಚಿಯಲ್ಲಿ ಒಬ್ಬ ರೋಗಿ ಬಾಯಿ ಅಗಲಿಸಿಕೊಂಡು ಮಲಗಿದ್ದ, ಅವನೂ ಕೇಳಿಸಿಕೊಂಡ. ಡಾಕ್ಟರು ಸ್ವಲ್ಪ ಹೊತ್ತು ಕೈ ತೊಳೆಯುತ್ತಲೇ ಇದ್ದರು. ಆಮೇಲೆ ಕಾಗದ ತೆಗೆದು, ಸೋಫಾ ತನ್ನದು, ರಿಪೇರಿಗೆ ಕೊಟ್ಟದ್ದು ಎಂದು ಬರೆದು ಸಹಿ ಹಾಕಿ ಮೊಹರು ಒತ್ತಿಕೊಟ್ಟರು. ಒಳ್ಳೆಯ ಮನುಷ್ಯ. ಕೆಲಸ ಆಯಿತು, ಬೇರೆ ಏನೂ ವಿಶೇಷ ಇಲ್ಲ.

ಮೂರು ಹೊತ್ತೂ ಉಣ್ಣು. ಚಪ್ಪಲಿ ನನಗೆ ಕಳಿಸು, ಅದಕ್ಕೆ ಹೊಲಿಗೆ ಹಾಕುವುದಕ್ಕೆ ನನ್ನ ಹತ್ತಿರ ಒಳ್ಳೆ ದಾರ ಇದೆ.

ತಪ್ಪೊಪ್ಪಿಕೊಂಡು ಹಗುರಾದ,
ಅಪ್ಪ

ಕೂಸೇ, ಅತ್ತೆ ಬರೆಯುವುದು. ಅಂಚೆಗೆ ಹಾಕು ಎಂದು ನನ್ನ ಕೈಗೆ ಕೊಟ್ಟಿದ್ದಾನೆ, ಅದಕ್ಕೇ ಕೆಳಗೆ ಸೇರಿಸುತ್ತಿದ್ದೇನೆ. ವಿಶೇಷ ಇಲ್ಲ ಎಂದು ಬರೆದಿದ್ದಾನಲ್ಲ, ಇದೆ. ಡಾಕ್ಟರು ಸಹಿ ಮಾಡಿಕೊಟ್ಟು, ‘ನಂಬಿ ಕೊಟ್ಟ ವಸ್ತು ಮೇಲೆ ಯಾರ್ಯಾರನ್ನೋ ಕೂರಿಸ್ತೀರಾ? ಇನ್ಮೇಲೆ ಬರಬೇಡಿ’ ಅಂದರಂತೆ. ಅವರ ಇನ್ನೊಂದು ಕ್ಲಿನಿಕ್ಕಿನಿಂದ ಹೊಸ ರೆಕ್ಸಿನ್ ಹಾಕಲು ಕೊಟ್ಟಿದ್ದ ಹನ್ನೆರಡು ಕುರ್ಚಿ ಮಾರನೇ ದಿನವೇ ವಾಪಸ್ ಹೋದವು. ಆ ಬೀದಿಯ ಇನ್ನೂ ಎರಡು ಮನೆಯವರು ಬಿಚ್ಚಿಟ್ಟ ಸೋಫಾಗಳನ್ನು ಬಿಚ್ಚಿದ ಹಾಗೇ ಒಯ್ದರು. ನಿನ್ನ ಮುಂದೆ ಮುಚ್ಚಿಟ್ಟರೆ ಪಾಪ ಬರುತ್ತದೆ ಎಂದು ಬರೆದೆ. ನಾನು ಬರೆದೆ ಎಂದು ಅವನಿಗೆ ಹೇಳಬೇಡ.


ಸೆಪ್ಟೆಂಬರ್ 4

ವಿದ್ಯಾರ್ಥಿನಿಯ ತಂದೆಯವರಿಗೆ,

ನಿಮ್ಮ ಮಗಳ ಮೇಲ್ಮನವಿ ಹಾಗೂ ಅದರೊಂದಿಗೆ ಲಗತ್ತಿಸಿದ ಎರಡು ಪತ್ರಗಳು ತಲುಪಿವೆ. ಇದೇ ತಿಂಗಳ 12ರಂದು ಬೆಳಿಗ್ಗೆ ನಿಮ್ಮ ಮನೆಯ ಮರುತಪಾಸಣೆ ನಡೆಸಲಾಗುವುದು.

ಇದಲ್ಲದೆ ಇನ್ನೊಂದು ವಿಷಯಕ್ಕೆ ನಿಮ್ಮ ವಿವರಣೆ ಬೇಕಾಗಿದೆ. ಪ್ರವೇಶದ ಸಮಯದಲ್ಲಿ ವಿದ್ಯಾರ್ಥಿನಿಯು ಸ್ವಹಸ್ತದಿಂದ ಭರ್ತಿ ಮಾಡಿದ ನಮೂನೆಯಲ್ಲಿ, ‘ತಂದೆಯ ಉದ್ಯೋಗ’ ಎಂಬಲ್ಲಿ ‘ಪೀಠೋಪಕರಣ ಉದ್ಯಮ, ಸ್ವಂತ ಮಳಿಗೆ’ ಎಂದು ಬರೆಯಲಾಗಿದೆ. ನೀವು ಈಗ ಬರೆದಿರುವ ಪತ್ರದಂತೆ ನಿಮಗೆ ಯಾವುದೇ ಮಳಿಗೆ ಇಲ್ಲ. ವಿದ್ಯಾರ್ಥಿಯೇ ತಿಳಿದೂ ತಪ್ಪು ಮಾಹಿತಿ ನೀಡಿದ್ದು ಕಂಡುಬಂದಲ್ಲಿ, ನಿಯಮದಂತೆ ಅವರು ಮುಂದಿನ ಎಲ್ಲ ವರ್ಷಗಳ ನೆರವಿಗೂ ಅನರ್ಹರಾಗುತ್ತಾರೆ. ಈ ಬಗ್ಗೆ ತಪಾಸಣೆಯ ದಿನ ಲಿಖಿತ ಹೇಳಿಕೆ ನೀಡಲು ಸಿದ್ಧರಿರಬೇಕಾಗಿ ಕೋರಿದೆ.

ವಿಶ್ವಾಸಿ,
ನೆರವು ವಿಭಾಗದ ಅಧಿಕಾರಿ


ಸೆಪ್ಟೆಂಬರ್ 13

ಮೊಳೆಮರೀ,

ಮೇಡಂ ನಿನ್ನೆ ಮತ್ತೆ ಬಂದಿದ್ದರು. ಈ ಸಲ ಬಾಗಿಲು ಬಾಗಿಲಿನ ಜಾಗದಲ್ಲೇ ಇತ್ತು.

ಎದುರುಮನೆ ನರ್ಸಮ್ಮ ಬೆಳಿಗ್ಗೆಯೇ ಬಂದು, ‘ಫ್ಯಾನ್ ಬಿಚ್ಚಿಡಿ, ಒಳ್ಳೆ ಪಾತ್ರೆ ನಮ್ಮನೇಲಿಡಿ, ನೋಡಿದೋರಿಗೆ ಕರುಳು ಚುರ್ ಅನ್ಬೇಕು’ ಎಂದರು. ಇಲ್ಲದ್ದನ್ನು ತಂದಿಟ್ಟು ಒಂದು ಸಲ ಕೆಟ್ಟೆ, ಇದ್ದದ್ದನ್ನು ಬಚ್ಚಿಟ್ಟು ಇನ್ನೊಂದು ಸಲ ಕೆಡುವುದು ಬೇಡ ಎಂದೆ. ಫ್ಯಾನು ತಿರುಗುತ್ತಲೇ ಇತ್ತು. ನಿಮ್ಮತ್ತೆ ಎಂದಿನ ಹಾಗೆ ಮೆಷಿನ್ ಮುಂದೆ ಕೂತಿದ್ದಳು, ಹೊಲಿಯಲು ಏನೂ ಇರಲಿಲ್ಲ.

ಕೂರಿಸುವುದೆಲ್ಲಿ? ಅದೇ ಕಷ್ಟವಾಯಿತು ನೋಡು. ನನ್ನ ಸಾಮಾನಿನ ಪೆಟ್ಟಿಗೆಯನ್ನು ಬೋರಲು ಹಾಕಿದೆ. ಅದರ ಮೇಲೆ ಹಾಸಲು ಕೈಗೆ ಸಿಕ್ಕಿದ್ದು ಆ ಹಸಿರು ವೆಲ್ವೆಟ್ಟಿನ ಉಳಿದ ಚೂರು. ಅದನ್ನು ಹಾಸಿ, ನೋಡಿ, ತೆಗೆದುಬಿಟ್ಟೆ. ಮೇಡಂ ಬರಿ ಪೆಟ್ಟಿಗೆಯ ಮೇಲೇ ಕೂತರು. ಮೂವತ್ತು ವರ್ಷ ಜನರನ್ನು ಕೂರಿಸುವ ಕೆಲಸ ಮಾಡಿದವನು ನಾನು. ಆ ಹೆಣ್ಣುಮಗಳು ಅತ್ತಿತ್ತ ಜರುಗಿ ಸರಿಮಾಡಿಕೊಂಡು ಕೂರುವುದನ್ನು ನೋಡಲು ಆಗಲಿಲ್ಲ, ನೆಲ ನೋಡುತ್ತಿದ್ದೆ.

ಸುತ್ತ ನೋಡಿದರು, ಬರೆದುಕೊಂಡರು. ಆಮೇಲೆ, ‘ಹೋದ್ಸಲ ನೀವೇ ಹೇಳಿದ್ರಿ, ಏನೂ ಕೊರತೆ ಇಲ್ಲ ಅಂತ. ಈಗೇನ್ ಬರ್ಕೊಳ್ಳಿ?’ ಅಂದರು.

ನಿನ್ನಾಣೆ, ಬಾಯಿ ತೆಗೆದರೆ ಮತ್ತೆ ಅದೇ ಮಾತು ಬರುವುದರಲ್ಲಿತ್ತು. ಹುಟ್ಟಿದಾಗಿನಿಂದ ಯಾರು ಕೇಳಿದರೂ ಹಾಗೇ ಹೇಳಿ ಅಭ್ಯಾಸ. ನಿನ್ನ ಅಮ್ಮ ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದಾಗಲೂ ನೋಡಲು ಬಂದವರಿಗೆ ಅದನ್ನೇ ಹೇಳಿದ್ದೆ. ನಿಮ್ಮತ್ತೆ ಹಿಂದಿನಿಂದ ನನ್ನ ಬೆನ್ನಿಗೆ ಚುಚ್ಚಿದಳು, ನೋವಿರುವ ಜಾಗಕ್ಕೇ.

‘ಇದೆ ಮೇಡಂ,’ ಅಂದೆ. ‘ಕೊರತೆ ಇದೆ.’

ಇನ್ನೂ ಏನೋ ಹೇಳಬೇಕು ಎಂದಿದ್ದೆ, ಆಗಲಿಲ್ಲ. ಪರರ ಮುಂದೆ ಅತ್ತದ್ದು ಅದೇ ಮೊದಲು. ಮೇಡಂ ಪೆನ್ನು ಮುಚ್ಚಿದರು.

ಕಾಗದಪತ್ರದ ವಿಚಾರ ಒಂದೆರಡು ಪ್ರಶ್ನೆ ಇತ್ತು. ಅದಕ್ಕೂ ಬರೆದು ಸಹಿ ಹಾಕಿಕೊಟ್ಟೆ. ನೀನು ಅದರ ತಲೆಬಿಸಿ ಮಾಡಿಕೊಳ್ಳಬೇಡ, ಓದಿಕೋ.

ಇದ್ದದ್ದು ಇದ್ದ ಹಾಗೆ ಹೇಳಿದ,
ಅಪ್ಪ


ಸೆಪ್ಟೆಂಬರ್ 27

ಅಪ್ಪಾ,

ನೆರವು ಸಿಕ್ಕಿತು. ಪೂರ್ತಿ ವರ್ಷದ್ದು. ಇದನ್ನು ಮೊದಲು ಓದಿ, ಅತ್ತೆಗೆ ಹೇಳಿ, ಆಮೇಲೆ ಉಳಿದದ್ದು ಓದು.

ಮೊನ್ನೆ ಮೇಡಂ ನನ್ನನ್ನು ಕರೆಸಿದರು. ಮೇಜಿನ ಮೇಲೆ ನಿನ್ನ ಹೇಳಿಕೆ ಇತ್ತು. ‘ಫಾರಂನಲ್ಲಿ ಮಳಿಗೆ ಇದೆ ಎಂದು ಬರೆಯಲು ನಾನೇ ಹೇಳಿದೆ. ಮಗಳು ಬೇಡವೆಂದಳು. ನಾನು ಗದರಿಸಿ ಬರೆಸಿದೆ. ತಪ್ಪು ನನ್ನದು.’ ಕೆಳಗೆ ನಿನ್ನ ಸಹಿ, ಮೊಳೆ ಸಾಲಾಗಿ ಹೊಡೆದ ಹಾಗೆ ಒಂದೊಂದೇ ಅಕ್ಷರ.

‘ಇದು ನಿಜ ಅಂತ ನೀನೂ ಸಹಿ ಹಾಕ್ಬೇಕು’ ಎಂದರು ಮೇಡಂ. ‘ನಿಜ ಅಲ್ಲ ಅಂದ್ರೆ ಈಗ್ಲೇ ಹೇಳು. ಆಗ ನಾನು ನಿಯಮದ ಪ್ರಕಾರ ಹೋಗ್ಬೇಕಾಗುತ್ತೆ.’

ನೀನು ಅವತ್ತು ನನ್ನ ಜೊತೆ ಕಾಲೇಜಿಗೆ ಬಂದೇ ಇರಲಿಲ್ಲ ಅಪ್ಪಾ. ಬಸ್ಸಿನ ದುಡ್ಡು ಉಳಿಯಲಿ ಎಂದು ನಾನೊಬ್ಬಳೇ ಬಂದಿದ್ದೆ. ಸಾಲಿನಲ್ಲಿ ನನ್ನ ಹಿಂದಿದ್ದವಳು ನನ್ನ ಭುಜದ ಮೇಲಿಂದ ಫಾರಂ ನೋಡುತ್ತಿದ್ದಳು. ಅವಳಪ್ಪ ವಕೀಲರಂತೆ. ‘ಸೋಫಾ ರಿಪೇರಿ’ ಎಂದು ಬರೆಯಲು ಹೋದೆ, ಪೆನ್ನು ನಿಂತಿತು. ಆಮೇಲೆ ಅದು ಬರೆದದ್ದು ನಿನಗೆ ಗೊತ್ತೇ ಇದೆ. ನಿನ್ನ ಕೆಲಸವನ್ನು ಹೇಳಲು ನನಗೆ ನಾಚಿಕೆಯಾಯಿತು. ಇದನ್ನು ಬೇರೆ ಮಾತಿನಲ್ಲಿ ಬರೆಯಲು ನೋಡಿದೆ, ಬರುವುದಿಲ್ಲ.

ಇನ್ನೂ ಒಂದಿದೆ. ಆಗಸ್ಟ್‌ನಲ್ಲಿ ಗುಮಾಸ್ತರು ಫೈಲು ತೆರೆದಾಗ ಕೆಳಗಿನ ಹಾಳೆಗಳನ್ನು ನಾನು ಓದಲಿಲ್ಲ ಎಂದು ಬರೆದಿದ್ದೆ. ಓದಿದ್ದೆ. ನನ್ನ ಅಕ್ಷರ ನನಗೆ ಗುರುತು ಸಿಕ್ಕಿತ್ತು. ಮೇಡಂ ನಮ್ಮ ಮನೆಗೆ ಬರುವ ಮೊದಲೇ ಮಳಿಗೆ ಇರುವ ಮನೆ ಎಂದುಕೊಂಡು ಬಂದಿದ್ದರು, ನೀನು ಸೋಫಾ ಇಟ್ಟಿದ್ದು ಆಮೇಲೆ. ಅದು ಗೊತ್ತಿದ್ದೂ ನಿನಗೆ ‘ನೀವು’ ಎಂದು ಬರೆದೆ. ನಿನ್ನನ್ನು ಡಾಕ್ಟರ ಬಾಗಿಲಿಗೆ ಕಳಿಸಿದೆ. ಹನ್ನೆರಡು ಕುರ್ಚಿಯ ವಿಚಾರವೂ ನನಗೆ ಗೊತ್ತು, ಯಾರು ಹೇಳಿದರೆಂದು ಕೇಳಬೇಡ.

ಮೇಡಂ ಪೆನ್ನು ನನ್ನ ಕಡೆ ತಳ್ಳಿದರು. ನಿಜ ಹೇಳಬೇಕು ಎಂದೇ ಬಾಯಿ ತೆರೆದೆ. ಹೇಳಿದರೆ ಮುಂದಿನ ವರ್ಷಗಳೆಲ್ಲ ಹೋಗುತ್ತವೆ, ನೀನು ಕಳೆದುಕೊಂಡದ್ದೂ ಬರಿ ಕಳೆದುಕೊಂಡದ್ದಾಗಿಯೇ ಉಳಿಯುತ್ತದೆ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದು ನಿನ್ನ ಮೇಲಿನ ಕರುಣೆಗೋ ನನ್ನ ಭಯಕ್ಕೋ ತಿಳಿಯದು. ಸಹಿ ಹಾಕಿದೆ. ಗದರಿಸಿ ಸುಳ್ಳು ಬರೆಸಿದ ಅಪ್ಪ ಎಂದು ನೀನು ಈಗ ಆ ಫೈಲಿನಲ್ಲಿ ಇದ್ದೀಯ, ಅದು ನಿಜ ಎಂದು ನಾನು ಒಪ್ಪಿದ್ದೇನೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವಳಿಗೆ ಏಳಲು ಆಗಲಿಲ್ಲ.

ಮುಂದಿನ ವರ್ಷದ ಫಾರಂ ಈಗಲೇ ಕೇಳಿ ಇಸಿದುಕೊಂಡಿದ್ದೇನೆ. ಬೇರೆ ಯಾವ ಜಾಗವನ್ನೂ ತುಂಬಿಲ್ಲ. ‘ತಂದೆಯ ಉದ್ಯೋಗ’ ಎಂಬಲ್ಲಿ ಮಾತ್ರ ಬರೆದೆ. ಸೋಫಾ, ಕುರ್ಚಿ ರಿಪೇರಿ. ಸ್ವಂತ ಕೆಲಸ. ಮನೆಯಲ್ಲೇ. ಕೋಣೆಯ ಹುಡುಗಿಯರೆಲ್ಲ ಇದ್ದಾಗಲೇ ಬರೆದೆ, ಗಟ್ಟಿಯಾಗಿ ಓದಿಯೂ ಹೇಳಿದೆ.

ನನ್ನ ಮೇಲೆ ಸಿಟ್ಟು ಮಾಡಿಕೋ ಅಪ್ಪಾ. ಒಂದು ಸಲವಾದರೂ ಮಾಡಿಕೋ.

ನಿನ್ನ ಹೆಸರಿನ ಕೆಳಗೆ ಸಹಿ ಹಾಕಿದ,
ಮಗಳು


ಅಕ್ಟೋಬರ್ 11

ಮೊಳೆಮರೀ,

ನಿನ್ನ ಕಾಗದ ಬಂದ ದಿನ ನಿಮ್ಮತ್ತೆ ಗಲ್ಲಿಗೆಲ್ಲ ಕೇಳುವ ಹಾಗೆ ಕೂಗಿದಳು. ನರ್ಸಮ್ಮ ಏನಾಯಿತೋ ಎಂದು ಹೆದರಿ ಔಷಧಿ ಡಬ್ಬಿ ಹಿಡಿದುಕೊಂಡು ಓಡಿಬಂದರು. ನೀನು ಹೇಳಿದ ಹಾಗೆ ಮೊದಲಿನ ಸಾಲು ಮೊದಲು ಓದಿದೆ. ಉಳಿದದ್ದನ್ನು ಮಾರನೇ ದಿನ ಓದಿದೆ.

ಆ ಫಾರಂ ವಿಚಾರ ಕಾಲೇಜಿನ ಕಾಗದದಿಂದಲೇ ನನಗೆ ತಿಳಿದಿತ್ತು. ಸಿಟ್ಟು ಬರಲಿ ಎಂದು ನಾನೂ ಕಾದೆ, ಬರಲಿಲ್ಲ. ನೀನು ಪೆನ್ನಿನಲ್ಲಿ ಮಾಡಿದ್ದನ್ನು ನಾನು ಬಾಗಿಲು ಕಳಚಿ ಮಾಡಿದೆ. ನನಗಿಂತ ನಿನ್ನ ಕೈಗೆ ಕೆಲಸ ಕಮ್ಮಿ ಬಿತ್ತು, ಅಷ್ಟೇ ವ್ಯತ್ಯಾಸ. ಆ ಫೈಲಿನಲ್ಲಿ ನಾನು ಹೇಗಿದ್ದರೇನು? ಅದರೊಳಗೆ ನಾನು ಮನೆಮಾಡಿಕೊಂಡು ಇರಬೇಕಾಗಿಲ್ಲವಲ್ಲ. ನೀನು ಮೆಟ್ಟಿಲ ಮೇಲಿಂದ ಎದ್ದೆಯೋ ಇಲ್ಲವೋ, ಅದನ್ನು ಮೊದಲು ಬರಿ.

ಮುಂದಿನ ವರ್ಷದ ಫಾರಂನಲ್ಲಿ ನೀನು ಬರೆದದ್ದನ್ನು ನಿಮ್ಮತ್ತೆಗೆ ಎರಡು ಸಲ ಓದಿ ಹೇಳಿದೆ. ಮೂರನೇ ಸಲ ಅವಳೇ ಕಾಗದ ಕಿತ್ತುಕೊಂಡು ಓದಿಕೊಂಡಳು. ಅಷ್ಟು ಜನರ ಮುಂದೆ ನನ್ನ ಕೆಲಸವನ್ನು ಗಟ್ಟಿಯಾಗಿ ಓದಿದೆಯಲ್ಲ, ನನಗೆ ಇನ್ನೇನೂ ಬೇಡ.

ಆದರೆ ಅದನ್ನು ಹೊಡೆದು ಬೇರೆ ಬರೆಯಬೇಕಾಗುತ್ತದೆ ಮಗಳೇ.

ಡಾಕ್ಟರ ಬೀದಿಯ ಸುದ್ದಿ ಉಳಿದ ಬೀದಿಗೂ ಹೋಯಿತು. ಮನೆಗೆ ಸೋಫಾ ಕೊಡುವವರು ಯಾರೂ ಇಲ್ಲ. ಅವರದ್ದು ತಪ್ಪು ಎನ್ನಲಾರೆ. ಹೋದ ಸೋಮವಾರದಿಂದ ಊರಾಚೆಯ ಫರ್ನಿಚರ್ ಕಾರ್ಖಾನೆಗೆ ಹೋಗುತ್ತಿದ್ದೇನೆ. ನನ್ನ ಸುತ್ತಿಗೆ ಅಲ್ಲಿ ಬೇಡವಂತೆ, ಮೊಳೆ ಹೊಡೆಯಲು ಗಾಳಿಯ ಮೆಷಿನ್ ಇದೆ, ಒತ್ತಿದರೆ ಸಾಕು. ಬಾಯಿ ಖಾಲಿ. ದಿನವಿಡೀ ಮಾತಾಡಬಹುದು, ಆದರೆ ಆ ಸದ್ದಿನಲ್ಲಿ ಯಾರಿಗೆ ಯಾರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿ ನನ್ನ ಕಿವಿಯೂ ಎಲ್ಲರ ಕಿವಿಯ ಹಾಗೇ.

ನಿನಗೆ ಖುಷಿಯಾಗುವ ಒಂದು ಮಾತು ಇದೆ. ಕೆಲಸದವರಿಗೆಲ್ಲ ಒಂದೊಂದು ಕುರ್ಚಿ ಕೊಟ್ಟಿದ್ದಾರೆ, ಬೆನ್ನಿಗೆ ಒರಗು ಇರುವಂಥದ್ದು. ಮೊದಲ ದಿನ ಅದರ ಮೇಲೆ ಹೇಗೆ ಕೂರಬೇಕೆಂದು ತಿಳಿಯದೆ ತುದಿಯಲ್ಲೇ ಕೂತಿದ್ದೆ. ಈಗ ಒರಗುತ್ತೇನೆ. ಬೆನ್ನುನೋವು ಸ್ವಲ್ಪ ಕಮ್ಮಿ ಇದೆ.

ಆದ್ದರಿಂದ ಆ ಜಾಗದಲ್ಲಿ ‘ದಿನಗೂಲಿ’ ಎಂದು ಬರಿ. ನಾಚಿಕೆ ಪಡಬೇಡ, ಅಳಬೇಡ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ಆ ಮೇಡಂಗೆ ಕನ್ನಡಕ ಇದೆ.

ಕುರ್ಚಿಯ ಮೇಲೆ ಕೂತು ಬರೆಯುತ್ತಿರುವ,
ಅಪ್ಪ